ಔಷಧಿ ಅಲ್ಲ ಕಣವ್ವ, ಮನೇದು

ಸಮಗ್ರ ಆರೈಕೆ, ಅಂದರೆ ಕಾಯಿಲೆಯನ್ನಷ್ಟೇ ಅಲ್ಲದೆ ಇಡೀ ಮನುಷ್ಯನನ್ನು ನೋಡಿಕೊಳ್ಳುವುದು ಅಂದಕೂಡಲೇ ನಮ್ಮ ನರ್ಸಿಂಗ್ ಕಾಲೇಜುಗಳಿಗೆ ಮೊದಲು ನೆನಪಾಗುವುದು ಬ್ಯಾನರ್. ಜೂನ್ 21ಕ್ಕೆ ಸಭಾಂಗಣದಲ್ಲಿ ಚಾಪೆ ಹಾಸಿ, ಯೂನಿಫಾರ್ಮಿನಲ್ಲೇ ತಾಡಾಸನ ಮಾಡಿಸಿ ಫೋಟೊ ತೆಗೆಸಿಬಿಟ್ಟರೆ ಆ ವರ್ಷದ ಸಮಗ್ರತೆ ಮುಗಿಯಿತು. ಯೋಗದ ಬಗ್ಗೆ ನನ್ನ ತಕರಾರಿಲ್ಲ. ನಾನೂ ಮಾಡುತ್ತೇನೆ, ಸೊಂಟ ಹಿಡಿದಾಗ. ನನ್ನ ಸಿಟ್ಟೆಲ್ಲ ಮರುದಿನ ಅದೇ ಹುಡುಗಿಯರು ವಾರ್ಡಿನಲ್ಲಿ ಕೇಳುವ ಪ್ರಶ್ನೆಯ ಮೇಲೆ.

“ಬೇರೆ ಏನಾದ್ರೂ ಔಷಧಿ ತಗೋತಿದ್ದೀರಾ?”

“ಇಲ್ಲ.”

ಕೇಸ್ ಶೀಟಿನಲ್ಲೂ ‘ಇಲ್ಲ’. ಇಪ್ಪತ್ತು ವರ್ಷದಿಂದ ಈ ‘ಇಲ್ಲ’ ಓದಿ ಓದಿ ಸಾಕಾಗಿದೆ.

ನಮ್ಮ ಜನ ಸುಳ್ಳು ಹೇಳುತ್ತಿಲ್ಲ, ಪ್ರಶ್ನೆಯೇ ತಪ್ಪು. ಅವರಿಗೆ ಔಷಧಿ ಎಂದರೆ ಡಾಕ್ಟರು ಬರೆದ ಮಾತ್ರೆ, ಹೆಚ್ಚೆಂದರೆ ಸೂಜಿ. ಕಷಾಯ, ಲೇಹ್ಯ, ನಾಟಿ ವೈದ್ಯರು ಪೊಟ್ಟಣ ಕಟ್ಟಿಕೊಟ್ಟ ಪುಡಿ ಇವೆಲ್ಲ ಮದ್ದು. ಹೊಲದ ಕಡೆಯವರಿಗಂತೂ ಔಷಧಿ ಎಂದರೆ ಬೆಳೆಗೆ ಹೊಡೆಯುವುದು. ಕ್ಯಾಷುಯಲ್ಟಿಯಲ್ಲಿ ‘ಔಷಧಿ ಕುಡ್ದವ್ನೆ’ ಅಂತ ಯಾರಾದರೂ ಓಡಿಬಂದರೆ ನಾವು ಹೊಟ್ಟೆ ತೊಳೆಯಲು ಸಿದ್ಧವಾಗುತ್ತೇವೆ, ಯಾವ ಕಷಾಯ ಅಂತ ಕೇಳುತ್ತಾ ಕೂರುವುದಿಲ್ಲ. ಹೀಗಿರುವಾಗ ಮಂಚದ ಮೇಲಿನ ಅಜ್ಜಿಗೆ ‘ಏನು ಔಷಧಿ ಕುಡೀತೀರಿ’ ಅಂದರೆ ಅವರು ಗಾಬರಿಬೀಳದೆ ಇನ್ನೇನು ಮಾಡಿಯಾರು?

ಕಳೆದ ಮಳೆಗಾಲದಲ್ಲಿ ಒಬ್ಬ ಅಜ್ಜಿ ಕಾಲಿನ ಹುಣ್ಣಿಗೆ ದಾಖಲಾಗಿದ್ದರು. ಸಕ್ಕರೆ ಕಾಯಿಲೆಗೆ ಮಾತ್ರೆ ನಡೆಯುತ್ತಿತ್ತು. ಮೂರನೇ ದಿನ ಬೆಳಗಿನ ಜಾವ ಮೈಯೆಲ್ಲ ಬೆವರಿ, ಮಾತು ತೊದಲಿತು. ಗ್ಲುಕೋಮೀಟರ್ 52 ತೋರಿಸಿತು, ಸಕ್ಕರೆ ತೀರಾ ಇಳಿದಿತ್ತು. ಗ್ಲೂಕೋಸ್ ಹೋಯಿತು, ಅಜ್ಜಿ ಕಣ್ಣುಬಿಟ್ಟರು. ರೌಂಡ್ಸಿನಲ್ಲಿ ಮಾತ್ರೆಯ ಡೋಸ್ ಚರ್ಚೆ ಜೋರಾಗಿ ನಡೆಯಿತು. ಎರಡನೇ ವರ್ಷದ ಒಬ್ಬ ಹುಡುಗಿ ಮಾತ್ರ ಲಾಕರ್ ಪಕ್ಕದಲ್ಲೇ ನಿಂತಿದ್ದಳು. ಸೊಸೆ ತೊಳೆಯುತ್ತಿದ್ದ ಫ್ಲಾಸ್ಕಿನ ತಳದಲ್ಲಿ ಹಸಿರು ಗಸಿ ಕಂಡಿತ್ತು.

“ಇದೇನಜ್ಜಿ?”

“ಹಾಗಲಕಾಯಿ ರಸ. ಔಷಧಿ ಅಲ್ಲ ಕಣವ್ವ, ಮನೇದು.”

ಜೊತೆಗೆ ಖಾಲಿ ಹೊಟ್ಟೆಗೆ ಮೆಂತ್ಯ ನೆನೆಸಿದ ನೀರು ಬೇರೆ. ರಸವೇ ಸಕ್ಕರೆ ಇಳಿಸಿತು ಎಂದು ನಾನು ಬರೆದುಕೊಡಲಾರೆ. ಹಿಂದಿನ ರಾತ್ರಿ ಊಟ ಸೇರಿರಲಿಲ್ಲ, ಮೂತ್ರಪಿಂಡವೂ ಸ್ವಲ್ಪ ಸೋತಿತ್ತು. ಆದರೆ ಹಾಗಲ, ಮೆಂತ್ಯ ಎರಡೂ ಸಕ್ಕರೆಯನ್ನು ಒಂದಿಷ್ಟು ಇಳಿಸಬಲ್ಲವು. ಮಾತ್ರೆಯ ಲೆಕ್ಕ ಹಾಕುವವರಿಗೆ ಅದು ಗೊತ್ತಿರಬೇಕಿತ್ತು.

ಇಂಥವು ಇನ್ನೂ ಇವೆ. ಕೆಮ್ಮಿಗೆಂದು ದಿನಗಟ್ಟಲೆ ಅಗಿಯುವ ಜ್ಯೇಷ್ಠಮಧು ಪೊಟ್ಯಾಸಿಯಂ ಇಳಿಸುತ್ತದೆ, ಬಿಪಿ ಏರಿಸುತ್ತದೆ. ಕಾಲೂತಕ್ಕೆ ಮೂತ್ರದ ಮಾತ್ರೆ ನುಂಗುವವರು ಅದನ್ನೂ ಅಗಿದರೆ ಹೃದಯದ ಬಡಿತವೇ ತಾಳ ತಪ್ಪಬಹುದು. ಅಮೃತಬಳ್ಳಿ ತಗೊಂಡವರಲ್ಲಿ ಯಕೃತ್ತಿಗೆ ಪೆಟ್ಟಾಗಿದ್ದನ್ನು ಮುಂಬೈ ವೈದ್ಯರು 2021ರಲ್ಲಿ ವರದಿ ಮಾಡಿದರು, ಆಯುಷ್ ಸಚಿವಾಲಯ ಒಪ್ಪಲಿಲ್ಲ. ಆ ಜಗಳ ತೀರ್ಮಾನಿಸುವುದು ನರ್ಸ್ ಕೆಲಸವಲ್ಲ. ಹೊಸದಾಗಿ ಕಣ್ಣು ಹಳದಿಯಾದವರನ್ನು ‘ಬಳ್ಳಿ ಏನಾದ್ರೂ ಅರೆದು ಕುಡಿದ್ರಾ’ ಅಂತ ಕೇಳುವುದು ಅವಳ ಕೆಲಸವೇ.

ಹಾಗಾದರೆ ಹೇಗೆ ಕೇಳುವುದು? ‘ಬೆಳಗ್ಗೆ ಎದ್ದು ಮೊದಲು ಬಾಯಿಗೆ ಏನು ಹಾಕ್ಕೋತೀರಜ್ಜಿ?’ ‘ಮಂಡಿಗೆ ಏನು ಹಚ್ತೀರಿ?’ ‘ಪಥ್ಯ ಯಾರು ಹೇಳಿದ್ರು?’ ಕೇಳಿ ಸುಮ್ಮನಿರಿ. ಮೊದಲ ಉತ್ತರ ಕಾಫಿ ಆಗಿರುತ್ತದೆ. ಎರಡನೆಯದು ಬರಬೇಕಾದರೆ ಅವರು ನಿಮ್ಮ ಮುಖ ನೋಡುತ್ತಾರೆ, ಅಲ್ಲಿ ಹುಬ್ಬು ಏರಿತೋ ಕಥೆ ಮುಗಿಯಿತು. ‘ಅಯ್ಯೋ, ಇದೆಲ್ಲ ಯಾಕೆ ಕುಡಿತೀರಿ’ ಅಂತ ಒಮ್ಮೆ ಗದರಿದ ಸಿಸ್ಟರ್‌ಗೆ ಆ ಮನೆಯ ಯಾರೂ ಮತ್ತೆ ನಿಜ ಹೇಳುವುದಿಲ್ಲ, ಫ್ಲಾಸ್ಕ್ ಮಂಚದ ಕೆಳಗೆ ಹೋಗುತ್ತದೆ. ತಿಳಿದದ್ದನ್ನು ಶೀಟಿನಲ್ಲಿ ಬರೆದು ಡಾಕ್ಟರಿಗೆ ಹೇಳಿ. ನಿಲ್ಲಿಸುವುದು, ಮುಂದುವರಿಸುವುದು ನಾವೇ ಮಾಡುವ ತೀರ್ಮಾನವಲ್ಲ.

ನೀವು ಕಲಿಸುವುದು ಇಷ್ಟೇನಾ ಅಂತ ಸಹೋದ್ಯೋಗಿಗಳು ಕೇಳುತ್ತಾರೆ. ಬೇರೆಯದೂ ಕಲಿಸುತ್ತೇನೆ. ಮಣಿಕಟ್ಟಿನ ಗೆರೆಯಿಂದ ಮೂರು ಬೆರಳು ಮೇಲೆ, ಎರಡು ನರದಂತೆ ಕಾಣುವ ಸ್ನಾಯುರಜ್ಜುಗಳ ನಡುವೆ ಒತ್ತಿದರೆ ಆಪರೇಷನ್ ಆದವರ ವಾಕರಿಕೆ ಕೆಲವರಿಗೆ ತಗ್ಗುತ್ತದೆ, ಅದಕ್ಕೆ ಒಳ್ಳೆಯ ಪುರಾವೆಯೂ ಇದೆ. ಹುಡುಗಿಯರಿಗೆ ಇದು ಬಲು ಇಷ್ಟ, ಒಬ್ಬರಿಗೊಬ್ಬರು ಒತ್ತಿಕೊಳ್ಳುತ್ತಾ ಕೂರುತ್ತಾರೆ. ಆದರೆ ರಾತ್ರಿ ಪಾಳಿಯಲ್ಲಿ ಒಬ್ಬಳೇ ಮೂವತ್ತು ಮಂಚ ನೋಡುವಾಗ ಬೆರಳೊತ್ತಲು ಪುರುಸೊತ್ತಿರುವುದಿಲ್ಲ. ಪ್ರಶ್ನೆ ಬದಲಿಸುವುದಕ್ಕೆ ಪುರುಸೊತ್ತು ಬೇಕಿಲ್ಲ.

ಆ ಎರಡನೇ ವರ್ಷದವಳು ಶೀಟಿನಲ್ಲಿ ‘ಹಾಗಲಕಾಯಿ ರಸ, ದಿನಕ್ಕೆ 1 ಲೋಟ’ ಅಂತ ಬರೆದಿದ್ದಳು. ಯಾವ ಲೋಟ ಅಂದೆ. ಮುಖ ಸಪ್ಪೆಯಾಯಿತು. ಮಧ್ಯಾಹ್ನ ಸೊಸೆಯ ಕೈಲಿ ಮನೆಯಿಂದ ಲೋಟ ತರಿಸಿ, ನೀರು ತುಂಬಿ, ಅಳತೆ ಜಾರಿಗೆ ಸುರಿದು ನನ್ನ ಮುಂದೆ ಹಿಡಿದಳು. 240 ಎಂ.ಎಲ್.

“ದೊಡ್ಡ ಲೋಟ ಮೇಡಂ,” ಅಂದಳು.