ದಿನವೂ ಪ್ರಾರ್ಥಿಸಿದರೂ ಶೋಧನೆ ಏಕೆ ನಿಲ್ಲುವುದಿಲ್ಲ?

ಓದುಗರ ಪ್ರಶ್ನೆ: ತೀರ್ಥಹಳ್ಳಿಯ ಸುತ್ತಲಿನ ಊರುಗಳಲ್ಲಿ ಮನೆಮನೆಗೆ ಹೋಗಿ ಅಡಿಕೆ ಕೊಂಡು ಮಂಡಿಗೆ ಹಾಕುವುದು ನನ್ನ ವ್ಯಾಪಾರ. ಬೆಳಿಗ್ಗೆ ಪ್ರಾರ್ಥಿಸಿಯೇ ಹೊರಡುತ್ತೇನೆ. ಆದರೂ ಚೀಲ ತೂಗುವಾಗ, ಅರ್ಧ ಕಿಲೋ ಕಡಿಮೆ ಬರೆದರೆ ಯಾರಿಗೆ ತಿಳಿದೀತು ಎಂಬ ಯೋಚನೆ ಬಂದೇ ಬರುತ್ತದೆ. ಇದುವರೆಗೆ ಹಾಗೆ ಬರೆದಿಲ್ಲ. ಯೋಚನೆ ಬರುವುದೇ ಪಾಪವೇ? ನನ್ನ ನಂಬಿಕೆಯಲ್ಲಿ ಕೊರತೆಯಿದೆಯೇ?

ಉತ್ತರ: ಯೋಚನೆ ಸುಳಿದದ್ದೇ ಪಾಪವಲ್ಲ. ಯೇಸುವೂ ನಮ್ಮ ಹಾಗೆಯೇ ಎಲ್ಲ ಬಗೆಯ ಶೋಧನೆಗೆ, ಅಂದರೆ ಪಾಪದ ಕಡೆಗೆ ಸೆಳೆಯುವ ಪರೀಕ್ಷೆಗೆ, ಒಳಗಾದನು, ಆದರೆ ಪಾಪ ಮಾಡಲಿಲ್ಲ ಎಂದು ಇಬ್ರಿಯರಿಗೆ ಬರೆದ ಪತ್ರದ 4ನೆಯ ಅಧ್ಯಾಯ ಸ್ಪಷ್ಟವಾಗಿ ಹೇಳುತ್ತದೆ. ಯಾಕೋಬನು ತನ್ನ ಪತ್ರದ ಮೊದಲ ಅಧ್ಯಾಯದಲ್ಲಿ ಇದನ್ನು ಹೆರಿಗೆಗೆ ಹೋಲಿಸುತ್ತಾನೆ: ಆಸೆ ಮನುಷ್ಯನನ್ನು ಸೆಳೆಯುತ್ತದೆ, ಬಸುರಾಗುತ್ತದೆ, ಪಾಪವನ್ನು ಹೆರುತ್ತದೆ. ಸೆಳೆತಕ್ಕೂ ಹೆರಿಗೆಗೂ ನಡುವೆ ಒಂದಿಷ್ಟು ಹೊತ್ತು ಇದ್ದೇ ಇರುತ್ತದೆ. ನೀವು ಇದುವರೆಗೆ ಗೆದ್ದಿರುವುದು ಆ ಹೊತ್ತಿನಲ್ಲಿಯೇ. ಅಂದಹಾಗೆ, ಗ್ರೀಕ್ ಮೂಲದಲ್ಲಿ ಪರೀಕ್ಷೆಗೂ ಪ್ರಲೋಭನೆಗೂ ಇರುವುದು ಒಂದೇ ಪದ. ಅದಕ್ಕೆ ಕನ್ನಡದಲ್ಲಿ ‘ಶೋಧನೆ’ ಎಂಬ ಮಾತು ಬಳಕೆಗೆ ಬಂದದ್ದು ಬಹಳ ಒಪ್ಪುವಂಥದ್ದು ಎಂದು ನನಗನ್ನಿಸುತ್ತದೆ.

ಇನ್ನು ಪ್ರಾರ್ಥನೆಯ ವಿಷಯ. ಯೋಚನೆಯೇ ಬಾರದಿರಲಿ ಎಂದು ನೀವು ಬೇಡುತ್ತಿದ್ದರೆ, ಸತ್ಯವೇದವು (ಬೈಬಲ್) ಎಲ್ಲಿಯೂ ಕೊಡದ ಮಾತನ್ನು ನಿರೀಕ್ಷಿಸುತ್ತಿದ್ದೀರಿ. ಅಡವಿಯಲ್ಲಿ 40 ದಿನ ಉಪವಾಸವಿದ್ದ ಯೇಸುವನ್ನು ಬಿಟ್ಟು ಹೋದ ಸೈತಾನನು ತಕ್ಕ ಕಾಲ ಬರುವವರೆಗೆ ಮಾತ್ರ ಹೋದನು ಎಂದು ಲೂಕನು ಬರೆದಿದ್ದಾನೆ. ಮತ್ತಾಯನ ಸುವಾರ್ತೆಯ 4ನೆಯ ಅಧ್ಯಾಯದಲ್ಲಿ ಯೇಸು ಸೈತಾನನಿಗೆ ಕೊಟ್ಟ ಮೂರು ಉತ್ತರಗಳೂ ಹಳೆಯ ಒಡಂಬಡಿಕೆಯ ಧರ್ಮೋಪದೇಶಕಾಂಡದವು. ಅದೇ ಸಂದರ್ಭದಲ್ಲಿ ಸೈತಾನನೂ 91ನೆಯ ಕೀರ್ತನೆಯನ್ನು ಉದ್ಧರಿಸುತ್ತಾನೆಂಬುದನ್ನು ಗಮನಿಸಿ. ಆದ್ದರಿಂದ ವಚನವನ್ನು ತಾಯಿತದಂತೆ ಕಟ್ಟಿಕೊಂಡರೆ ಪ್ರಯೋಜನವಿಲ್ಲ. ಅದು ನಮ್ಮ ಕಸುಬಿನೊಳಗೆ ಇಳಿಯಬೇಕು. ನಿಮ್ಮ ಕಸುಬಿಗಂತೂ ಅದೇ ಧರ್ಮೋಪದೇಶಕಾಂಡದ 25ನೆಯ ಅಧ್ಯಾಯದಲ್ಲಿ ನೇರವಾದ ಮಾತಿದೆ: ಚೀಲದಲ್ಲಿ ಒಂದು ದೊಡ್ಡದು, ಒಂದು ಚಿಕ್ಕದು ಎಂದು ಎರಡು ಬಗೆಯ ತೂಕದ ಕಲ್ಲುಗಳನ್ನು ಇಟ್ಟುಕೊಳ್ಳಬಾರದು.

ಕೊರಿಂಥದವರಿಗೆ ಬರೆದ ಮೊದಲ ಪತ್ರದ 10ನೆಯ ಅಧ್ಯಾಯದ 13ನೆಯ ವಚನವನ್ನು ನಮ್ಮಲ್ಲಿ ಅನೇಕರು ಅರ್ಧಕ್ಕೇ ನಿಲ್ಲಿಸಿಬಿಡುತ್ತಾರೆ. ಶಕ್ತಿಗೆ ಮೀರಿದ ಶೋಧನೆಯನ್ನು ದೇವರು ಬರಗೊಡುವುದಿಲ್ಲ ಎಂಬುದು ಎಲ್ಲರಿಗೂ ನೆನಪಿದೆ. ತಪ್ಪಿಸಿಕೊಳ್ಳುವ ದಾರಿಯನ್ನೂ ಆತನೇ ಸಿದ್ಧಪಡಿಸುವನು ಎಂಬ ಮುಂದಿನ ಮಾತು ಮರೆತುಹೋಗುತ್ತದೆ. ಆ ದಾರಿ ಬಹುಮಟ್ಟಿಗೆ ತೀರ ಸಾಮಾನ್ಯವಾದದ್ದು. ಆದಿಕಾಂಡದ ಕಥೆಯಲ್ಲಿ, ಯಜಮಾನನಾದ ಪೋಟೀಫರನ ಹೆಂಡತಿ ತನ್ನೊಡನೆ ಮಲಗೆಂದು ಬಟ್ಟೆ ಹಿಡಿದೆಳೆದಾಗ ಯೋಸೇಫನು ಅಲ್ಲಿ ನಿಂತು ತನ್ನ ಮನೋಬಲವನ್ನು ಅಳೆದುಕೊಳ್ಳಲಿಲ್ಲ. ಬಟ್ಟೆಯನ್ನು ಅವಳ ಕೈಯಲ್ಲೇ ಬಿಟ್ಟು ಓಡಿದನು.

ನೀವು ಓಡುವಂತಿಲ್ಲ, ಚೀಲ ತೂಗಲೇಬೇಕು. ಆದರೆ ಯೋಚನೆ ಹುಟ್ಟುವ ಜಾಗವನ್ನು ಸ್ವಲ್ಪ ನೋಡಿ. ಮೊಮ್ಮಕ್ಕಳ ಶಾಲೆಯ ಶುಲ್ಕಕ್ಕೆಂದು ಜೂನ್ ತಿಂಗಳಲ್ಲಿ ಎರಡು ಚೀಲ ಅಡಿಕೆ ಕೊಡಲು ಕರೆದ ಅಜ್ಜಿಯೊಬ್ಬರು ಜಗಲಿಯಲ್ಲಿ ಕೂತಿದ್ದಾರೆ ಎನ್ನೋಣ. ಹಂಚಿನ ಮೇಲೆ ಮಳೆ ಜಡಿಯುತ್ತಿದೆ, ನಿಮ್ಮ ಕೈಗೆ ಕಾಫಿ ಬಂದಿದೆ. ಅಡಿಕೆಯ ತರಗಳಲ್ಲಿ ಬೆಟ್ಟೆ ಯಾವುದು, ಗೊರಬಲು ಯಾವುದು ಎಂಬುದನ್ನು ಅವರು ನಿಮಗಿಂತ ಚೆನ್ನಾಗಿ ಬಲ್ಲರು. ತೂಕವನ್ನು ಮಾತ್ರ ನಿಮ್ಮ ಮೇಲಿನ ನಂಬಿಕೆಗೆ ಬಿಟ್ಟು ಅಂಗಳದ ನೀರನ್ನು ನೋಡುತ್ತಿದ್ದಾರೆ. ತಕ್ಕಡಿಯ ಅಂಕಿ ನಿಮಗೊಬ್ಬರಿಗೇ ಕಾಣುತ್ತಿದೆ. ಶೋಧನೆ ಇರುವುದು ಆ ‘ಒಬ್ಬರಿಗೇ’ ಎಂಬಲ್ಲಿ.

ಹಾಗಾದರೆ ಚೀಲ ಏರಿಸುವ ಮೊದಲೇ ತಕ್ಕಡಿಯ ಮುಖವನ್ನು ಮನೆಯವರ ಕಡೆಗೆ ತಿರುಗಿಸಿಡಿ. ಅಜ್ಜಿಗೆ ಕಣ್ಣು ಕಾಣದಿದ್ದರೆ ಮೊಮ್ಮಗನನ್ನು ಕರೆದು ಅಂಕಿಯನ್ನು ಗಟ್ಟಿಯಾಗಿ ಓದಿಸಿ, ಅವರ ಚೀಟಿಯಲ್ಲಿ ಮೊದಲು ಬರೆಸಿ, ನಿಮ್ಮ ಪುಸ್ತಕದಲ್ಲಿ ಆಮೇಲೆ ಬರೆದುಕೊಳ್ಳಿ. ಬೆಳಗಿನ ಪ್ರಾರ್ಥನೆಯಲ್ಲಿ ಇಷ್ಟನ್ನು ಮಾಡುವ ಬುದ್ಧಿಯನ್ನು ಬೇಡಿಕೊಂಡರೆ ಸಾಕು. ಹುಡುಗ ಓದಿದ ಅಂಕಿಯಿಂದ ಅರ್ಧ ಕಿಲೋ ಕಳೆಯುವುದು ಬೇಕೆಂದರೂ ಆಗದು.