ಬಯೋಸ್‌ಗೆ ಕಾಣುವ ಡಿಸ್ಕ್ ಬೂಟ್ ಪಟ್ಟಿಯಲ್ಲಿ ಏಕಿರುವುದಿಲ್ಲ: ಅಪ್‌ಗ್ರೇಡ್ ಆದ ಮೇಲೆ ಏಳದ ಕಂಪ್ಯೂಟರ್ ಕುರಿತ ಟಿಪ್ಪಣಿ

ಗುಬ್ಬಿಯಲ್ಲಿ ನಮ್ಮ ಚಿಕ್ಕಪ್ಪ ನಡೆಸುವ ಡಿಟಿಪಿ ಅಂಗಡಿಯ ಕಂಪ್ಯೂಟರಿಗೆ ಕಳೆದ ಭಾನುವಾರ ಹೊಸ ಪ್ರೊಸೆಸರ್ ಮತ್ತು 8 ಜಿಬಿಯ ಇನ್ನೊಂದು ರ‍್ಯಾಮ್ ಹಾಕಿದೆ. ಮಧ್ಯಾಹ್ನದೊಳಗೆ ಮುಗಿಯಬೇಕಾಗಿದ್ದ ಕೆಲಸ ಸೋಮವಾರ ಸಂಜೆಯವರೆಗೆ ಎಳೆಯಿತು. ತುಮಕೂರಿನಲ್ಲಿ ನನ್ನೊಂದಿಗೆ ಡಿಪ್ಲೊಮಾ ಓದುತ್ತಿರುವವರಿಗೂ ಇದೇ ತೊಡಕು ಎದುರಾಗಬಹುದು ಎಂಬ ಕಾರಣಕ್ಕೆ, ನೆನಪು ಮಾಸುವ ಮೊದಲೇ ಬರೆದಿಡುತ್ತಿದ್ದೇನೆ.

ಅಂಗಡಿಯ ಕಂಪ್ಯೂಟರಿನಲ್ಲಿರುವುದು ಬಿ450 ಚಿಪ್‌ಸೆಟ್‌ನ ಮದರ್‌ಬೋರ್ಡ್. ಅದರಲ್ಲಿದ್ದ ರೈಜೆನ್ 3 2200ಜಿ ಪ್ರೊಸೆಸರ್ ವಿಂಡೋಸ್ 11ರ ಅರ್ಹತಾ ಪಟ್ಟಿಯಲ್ಲಿಲ್ಲ; ವಿಂಡೋಸ್ 10ರ ಬೆಂಬಲವೋ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಆದ್ದರಿಂದ ರೈಜೆನ್ 5 5600ಜಿ ತಂದೆವು. 500 ಜಿಬಿಯ ಹಳೆಯ ಹಾರ್ಡ್ ಡಿಸ್ಕ್ ಮಾತ್ರ ಹಾಗೆಯೇ ಉಳಿಯಿತು. ಅದಕ್ಕಿಂತ ಹಿಂದಿನ ಕಂಪ್ಯೂಟರಿನಿಂದ ವಿಂಡೋಸ್ ಸಮೇತ ಬಿಚ್ಚಿ ತಂದು ಜೋಡಿಸಿದ್ದ ಡಿಸ್ಕ್ ಅದು ಎಂಬ ಸಂಗತಿಯನ್ನು ನಾನು ಮೊದಲೇ ಗಮನಿಸಬೇಕಾಗಿತ್ತು.

ಎಲ್ಲಿ ನಿಂತಿದೆ ಎಂದು ಮೊದಲು ನೋಡುವುದು

ಕಂಪ್ಯೂಟರ್ ಏಳುತ್ತಿಲ್ಲ ಎಂಬ ಒಂದೇ ಮಾತಿನೊಳಗೆ ಬೇರೆ ಬೇರೆ ದೋಷಗಳು ಅಡಗಿರುತ್ತವೆ. ಸ್ವಿಚ್ ಒತ್ತಿದರೂ ಫ್ಯಾನ್ ತಿರುಗದಿದ್ದರೆ ವಿದ್ಯುತ್ತಿನ ಕಡೆಯ ದೋಷ: 24 ಪಿನ್ನಿನ ಕನೆಕ್ಟರ್, ಪ್ರೊಸೆಸರ್ ಪಕ್ಕದ 8 ಪಿನ್ನಿನ ಕನೆಕ್ಟರ್, ಕ್ಯಾಬಿನೆಟ್ಟಿನ ಪವರ್ ಬಟನ್ನಿನ ಎರಡು ತಂತಿ, ಇವನ್ನು ನೋಡಬೇಕು. ಫ್ಯಾನ್ ತಿರುಗಿದರೂ ಮಾನಿಟರ್ ಕಪ್ಪಾಗಿಯೇ ಇದ್ದರೆ ಪೋಸ್ಟ್ ಹಂತ, ಅಂದರೆ ಬಯೋಸ್ (ಸ್ವಿಚ್ ಒತ್ತಿದೊಡನೆ ಮೊದಲು ಓಡುವ, ಮದರ್‌ಬೋರ್ಡಿನಲ್ಲೇ ಇರುವ ತಂತ್ರಾಂಶ) ಕಂಪ್ಯೂಟರಿನ ಭಾಗಗಳನ್ನು ಪರೀಕ್ಷಿಸುವ ಹಂತ, ಮುಗಿದಿಲ್ಲ ಎಂದೆಣಿಸಿ ಮುಂದುವರಿಯಬೇಕು. ಬಯೋಸ್ ಪರದೆ ಬಂದೂ ವಿಂಡೋಸ್ ಬಾರದಿದ್ದರೆ ದೋಷವಿರುವುದು ಡಿಸ್ಕ್ ಹುಡುಕುವ ಹಂತದಲ್ಲಿ. ವಿಂಡೋಸ್ ಲಾಂಛನ ಬಂದ ಮೇಲೆ ನೀಲಿ ಪರದೆ ಬಿದ್ದರೆ ಅದು ಮತ್ತೊಂದು ಬಗೆ. ಸಾಟಾ ಮೋಡ್, ಅಂದರೆ ಬೋರ್ಡ್ ಡಿಸ್ಕಿನೊಂದಿಗೆ ವ್ಯವಹರಿಸುವ ರೀತಿ, ರೈಡ್ ಇದ್ದದ್ದು ಎಎಚ್‌ಸಿಐ ಆಗಿಬಿಟ್ಟಿದ್ದರೂ ಹಾಗಾಗುತ್ತದೆ. ನಮ್ಮ ಕಂಪ್ಯೂಟರ್ ಭಾನುವಾರ ಎರಡನೆಯ ಹಂತದಲ್ಲೂ ಸೋಮವಾರ ಮೂರನೆಯ ಹಂತದಲ್ಲೂ ನಿಂತಿತು. ಅವು ಎರಡು ಪ್ರತ್ಯೇಕ ದೋಷಗಳು ಎಂದು ಒಪ್ಪಿಕೊಳ್ಳಲು ನನಗೆ ಒಂದು ದಿನ ಬೇಕಾಯಿತು.

ಕಪ್ಪು ಪರದೆ

ಪ್ರೊಸೆಸರ್ ಬದಲಿಸುವ ಮೊದಲು ಬಯೋಸ್ ಅಪ್‌ಡೇಟ್ ಮಾಡಬೇಕು, ಅದನ್ನೂ ಹಳೆಯ ಪ್ರೊಸೆಸರ್ ಇರುವಾಗಲೇ ಮಾಡಬೇಕು. ಹಳೆಯ ಬಯೋಸ್ ಇರುವ ಬಿ450 ಬೋರ್ಡಿಗೆ ರೈಜೆನ್ 5000 ಸರಣಿಯ ಪ್ರೊಸೆಸರಿನ ಪರಿಚಯವೇ ಇರುವುದಿಲ್ಲವಾದ್ದರಿಂದ, ಹೊಸದನ್ನು ಕೂರಿಸಿದ ಮೇಲೆ ಅಪ್‌ಡೇಟ್ ಮಾಡೋಣವೆಂದರೆ ಪರದೆಯೇ ಬಾರದು. ಅಪ್‌ಡೇಟ್ ನಡೆಯುವಾಗ ಕರೆಂಟ್ ಹೋದರೆ ಬೋರ್ಡೇ ಕೈಬಿಡುವ ಅಪಾಯವಿರುವುದರಿಂದ ಯುಪಿಎಸ್ ಮೇಲಿಟ್ಟೇ ಮಾಡಿದೆ. ಈ ಬೋರ್ಡಿನಲ್ಲಿರುವ ಎಎಂ4 ಬಗೆಯ ಸಾಕೆಟ್ಟಿಗೆ ಕೂರುವ ಪ್ರೊಸೆಸರುಗಳ 1331 ಪಿನ್ನುಗಳು ಪ್ರೊಸೆಸರಿನ ತಳದಲ್ಲೇ ಇರುತ್ತವೆ. ಪ್ರೊಸೆಸರಿಗೂ ಕೂಲರಿಗೂ ನಡುವೆ ಹಚ್ಚಿದ ಪೇಸ್ಟ್ ಒಣಗಿ ಅಂಟಿ ಹಿಡಿದಿದ್ದರೆ, ಕೂಲರ್ ಎತ್ತುವಾಗ ಪ್ರೊಸೆಸರೂ ಸಾಕೆಟ್ಟಿನಿಂದ ಕಿತ್ತುಬಂದು ಪಿನ್ನುಗಳು ಬಾಗಬಹುದು. ಆದ್ದರಿಂದ ಕಂಪ್ಯೂಟರನ್ನು ಸ್ವಲ್ಪ ಹೊತ್ತು ಓಡಿಸಿ ಪೇಸ್ಟ್ ಮೆತ್ತಗಾದ ಮೇಲೆ ಆರಿಸಿ, ಪ್ಲಗ್ ಕಿತ್ತು, ಕೂಲರನ್ನು ಮೆಲ್ಲಗೆ ಎಡಬಲಕ್ಕೆ ತಿರುಗಿಸಿ ಬಿಡಿಸಬೇಕು. ಕೊಳ್ಳುವಾಗ ಹೆಸರಿನ ಕೊನೆಯ ಅಕ್ಷರವನ್ನೂ ನೋಡಬೇಕು: 5600ಜಿ ಒಳಗೆ ಗ್ರಾಫಿಕ್ಸ್ ಇದೆ, ಬರಿಯ 5600 ಒಳಗಿಲ್ಲ, ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ಅದನ್ನು ಹಾಕಿದರೆ ಎಲ್ಲವೂ ಸರಿಯಿದ್ದರೂ ಪರದೆ ಕಪ್ಪಾಗಿಯೇ ಉಳಿಯುತ್ತದೆ.

ನಮ್ಮ ಕಪ್ಪು ಪರದೆಗೆ ಕಾರಣ ರ‍್ಯಾಮ್. ಈ ಬೋರ್ಡಿನ ಸ್ಲಾಟಿಗೆ ಒಂದು ತುದಿಯಲ್ಲಷ್ಟೇ ಕೊಂಡಿಯಿದ್ದು, ಇನ್ನೊಂದು ತುದಿಯಲ್ಲಿ ಬರಿಯ ತೋಡು ಇದೆ. ಕೊಂಡಿ ಕಟ್ಟೆಂದು ಕೂತ ಶಬ್ದ ಕೇಳಿ ಕೈ ತೆಗೆದಿದ್ದೆ. ಆದರೆ ತೋಡಿನ ಕಡೆಯ ತುದಿ ಕೂದಲೆಳೆಯಷ್ಟು ಮೇಲೆಯೇ ಉಳಿದಿತ್ತು. ಬಂಗಾರ ಬಣ್ಣದ ಅಂಚು ಎರಡೂ ತುದಿಯಲ್ಲಿ ಸಮನಾಗಿ ಮುಳುಗಿದೆಯೇ ಎಂದು ಟಾರ್ಚ್ ಹಿಡಿದು ನೋಡುವುದೇ ಸರಿಯಾದ ಪರೀಕ್ಷೆ. ಇದು ತಿಳಿಯುವ ಮೊದಲು ನಾನು ಸಿಮಾಸ್ ಕ್ಲಿಯರ್ ಮಾಡಿದ್ದೆ, ಅಂದರೆ ಬಯೋಸ್ ನೆನಪಿಟ್ಟುಕೊಂಡ ಆಯ್ಕೆಗಳನ್ನು ಅಳಿಸಿದ್ದೆ: ಪ್ಲಗ್ ಕಿತ್ತು, ಬೋರ್ಡಿನ ಸಿಆರ್2032 ಬ್ಯಾಟರಿ ತೆಗೆದು, ಪವರ್ ಬಟನ್ ಒತ್ತಿ ಹಿಡಿದು, ಕೆಲವು ನಿಮಿಷ ಬಿಟ್ಟು ಮತ್ತೆ ಹಾಕಿದ್ದೆ.

ಡಿಸ್ಕ್ ಇದೆ, ಆದರೆ ಇಲ್ಲ

ರ‍್ಯಾಮ್ ಸರಿಯಾಗಿ ಕೂತ ಮೇಲೆ ಪರದೆ ಬಂತು. ಪ್ರೊಸೆಸರ್ ಬದಲಾಗಿದೆ, ಅದರೊಳಗೆ ಗುಪ್ತ ಕೀಲಿಗಳನ್ನು ಕಾಯುವ ಟಿಪಿಎಂನ ದಾಖಲೆಯನ್ನು ಹೊಸದಾಗಿ ಆರಂಭಿಸಬೇಕೇ ಎಂದು ಬೋರ್ಡ್ ಕೇಳಿತು. ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಇರುವ ಕಂಪ್ಯೂಟರಿನಲ್ಲಿ 48 ಅಂಕಿಯ ರಿಕವರಿ ಕೀ ಕೈಯಲ್ಲಿಲ್ಲದೆ ಇದಕ್ಕೆ ಹೌದೆನ್ನಬಾರದು. ಅಂಗಡಿಯದಕ್ಕೆ ಬಿಟ್‌ಲಾಕರ್ ಇರಲಿಲ್ಲವಾದ್ದರಿಂದ ಹೌದೆಂದೆ. ಆಮೇಲೆ ಎಷ್ಟು ಸಲ ರೀಸ್ಟಾರ್ಟ್ ಮಾಡಿದರೂ ಕಂಪ್ಯೂಟರ್ ನೇರವಾಗಿ ಬಯೋಸ್ ಪುಟಕ್ಕೇ ಬಂದು ನಿಲ್ಲುತ್ತಿತ್ತು.

ನಾನು ಎಡವಿದ್ದು ಇಲ್ಲಿ. ಬಯೋಸ್‌ನ ಸಾಟಾ ಮಾಹಿತಿಯ ಪುಟದಲ್ಲಿ ಹಾರ್ಡ್ ಡಿಸ್ಕಿನ ಹೆಸರು ಸ್ಪಷ್ಟವಾಗಿ ಕಾಣುತ್ತಿತ್ತು, ಬೂಟ್ ಪಟ್ಟಿ ಮಾತ್ರ ಖಾಲಿಯಾಗಿತ್ತು. ಡಿಸ್ಕ್ ಕೆಟ್ಟಿದೆಯೆಂದು ಭಾವಿಸಿ ಕೇಬಲ್ ಬದಲಿಸಿದೆ, ಪೋರ್ಟ್ ಬದಲಿಸಿದೆ, ಹೊಸ ರ‍್ಯಾಮನ್ನೂ ತೆಗೆದು ನೋಡಿದೆ. ಆ ಡಿಸ್ಕಿನಲ್ಲಿ ಚಿಕ್ಕಪ್ಪ ಹಲವು ವರ್ಷ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿ, ಪೇಜ್‌ಮೇಕರ್‌ನಲ್ಲಿ ಜೋಡಿಸಿದ ಲಗ್ನಪತ್ರಿಕೆಗಳ ಕಡತಗಳಿದ್ದವು. ಅವರು ಏನೂ ಹೇಳದೆ ಪಕ್ಕದಲ್ಲಿ ನಿಂತಿದ್ದರು. ಸುಳಿವು ಸಿಕ್ಕಿದ್ದು ಪೆನ್ ಡ್ರೈವಿನಿಂದ. ವಿಂಡೋಸ್ ಇನ್‌ಸ್ಟಾಲ್ ಮಾಡುವ ಪೆನ್ ಡ್ರೈವ್ ಸಿಕ್ಕಿಸಿದಾಗ ಬೂಟ್ ಪಟ್ಟಿಯಲ್ಲಿ ಅದರ ಹೆಸರಿನ ಮುಂದೆ ಯುಇಎಫ್‌ಐ ಎಂಬ ಪದ ಕಾಣಿಸಿತು. ಹಾಗಾದರೆ ಈ ಪಟ್ಟಿ ಇರುವ ಡಿಸ್ಕುಗಳ ಪಟ್ಟಿಯಲ್ಲ, ಬಯೋಸ್‌ನ ಹೊಸ ಪೀಳಿಗೆಯಾದ ಯುಇಎಫ್‌ಐ ಪದ್ಧತಿಯಲ್ಲಿ ಬೂಟ್ ಆಗಬಲ್ಲವುಗಳ ಪಟ್ಟಿ ಮಾತ್ರ ಎಂಬುದು ಆಗ ಹೊಳೆಯಿತು.

ಒಳಗೆ ನಡೆಯುವುದು ಹೀಗೆ. ಹಳೆಯ ಲೆಗಸಿ ಪದ್ಧತಿಯಲ್ಲಿ ಬಯೋಸ್ ಡಿಸ್ಕಿನ ಮೊಟ್ಟಮೊದಲ ಸೆಕ್ಟರನ್ನು, ಅಂದರೆ 512 ಬೈಟುಗಳನ್ನು, ಓದುತ್ತದೆ. ಎಂಬಿಆರ್ ಎನ್ನುವುದು ಈ ಸೆಕ್ಟರನ್ನೇ. ಅದರಲ್ಲಿ 446 ಬೈಟುಗಳು ಬೂಟ್ ಸಂಕೇತಕ್ಕೆ ಮೀಸಲು. ತಲಾ 16 ಬೈಟುಗಳ ನಾಲ್ಕು ಪಾರ್ಟಿಷನ್ ನಮೂದುಗಳಿಗೆ 64, ಕೊನೆಯ 55ಎಎ ಎಂಬ ಗುರುತಿಗೆ 2. ಯುಇಎಫ್‌ಐ ಈ ಸಂಕೇತವನ್ನು ಓಡಿಸುವುದೇ ಇಲ್ಲ. ಅದು ಎಫ್‌ಎಟಿ32 ಮಾದರಿಯ ಇಎಫ್‌ಐ ಪಾರ್ಟಿಷನ್ನಿಗಾಗಿ ಹುಡುಕಿ, ಅದರೊಳಗಿನ ಬೂಟ್ ಫೈಲನ್ನು ತೆರೆಯುತ್ತದೆ. ಲೆಗಸಿ ಪದ್ಧತಿಯಲ್ಲಿ ವಿಂಡೋಸ್ ಹಾಕಿದ ಎಂಬಿಆರ್ ಡಿಸ್ಕಿನಲ್ಲಿ ಅಂಥ ಪಾರ್ಟಿಷನ್ನೇ ಇರುವುದಿಲ್ಲ. ಸಿಎಸ್‌ಎಂ ಎಂಬ ಆಯ್ಕೆ ಆನ್ ಇದ್ದರೆ ಯುಇಎಫ್‌ಐ ಬೋರ್ಡೂ ಹಳೆಯ ಪದ್ಧತಿಯಲ್ಲಿ ನಡೆದುಕೊಳ್ಳುತ್ತದೆ.

ನಾನು ಇದನ್ನು ಪಹಣಿಯ ಹೋಲಿಕೆಯಿಂದ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೇನೆ. ಭೂಮಿ ಯೋಜನೆ ಬಂದ ಮೇಲೆ ತಾಲ್ಲೂಕು ಕಚೇರಿಯಲ್ಲಿ ನಡೆಯುವುದು ಕಂಪ್ಯೂಟರ್ ಪಹಣಿ ಮಾತ್ರ. ಹೊಲ ಇದ್ದಲ್ಲೇ ಇದೆ, ಬದುವೂ ಕಾಣುತ್ತದೆ, ಉಳುವವನೂ ಇದ್ದಾನೆ. ಆದರೆ ಕೈಬರಹದ ಹಳೆಯ ಪಹಣಿ ಹಿಡಿದು ಹೋದರೆ ಕೆಲಸವಾಗುವುದಿಲ್ಲ. ಸಾಟಾ ಪುಟದಲ್ಲಿ ಡಿಸ್ಕ್ ಕಾಣುವುದೆಂದರೆ ಹೊಲ ಕಾಣುವುದಷ್ಟೇ. ಬೂಟ್ ಪಟ್ಟಿ ಕೇಳುವುದು ದಾಖಲೆಯನ್ನು. ಸಿಎಸ್‌ಎಂ ಎಂದರೆ ಕೈಬರಹದ ದಾಖಲೆಯನ್ನೂ ಸ್ವೀಕರಿಸುವ ಇನ್ನೊಂದು ಕಿಟಕಿ.

ಈ ಕಿಟಕಿ ಮುಚ್ಚಿದ್ದು ನನ್ನ ಕೈಯಿಂದಲೇ. ಬಯೋಸ್ ಅಪ್‌ಡೇಟ್ ಮಾಡಿದಾಗ ಮತ್ತು ಸಿಮಾಸ್ ಕ್ಲಿಯರ್ ಮಾಡಿದಾಗ ಎಲ್ಲ ಆಯ್ಕೆಗಳೂ ಡಿಫಾಲ್ಟಿಗೆ ಮರಳುತ್ತವೆ. 2021ರಲ್ಲಿ ಬಂದ ವಿಂಡೋಸ್ 11 ಯುಇಎಫ್‌ಐ ಬೇಡುವುದರಿಂದ, ಆಮೇಲಿನ ಅನೇಕ ಬಯೋಸ್ ಆವೃತ್ತಿಗಳಲ್ಲಿ ಡಿಫಾಲ್ಟ್ ಎಂದರೆ ಸಿಎಸ್‌ಎಂ ಆಫ್. ಹಳೆಯ ಬಯೋಸ್‌ನಲ್ಲಿ ಅದು ಆನ್ ಇತ್ತು ಎಂಬುದೇ ನನಗೆ ತಿಳಿದಿರಲಿಲ್ಲ. ಬೂಟ್ ಪುಟಕ್ಕೆ ಹೋಗಿ ಸಿಎಸ್‌ಎಂ ಆನ್ ಮಾಡಿ, ಎಫ್10 ಒತ್ತಿ ಉಳಿಸಿದೆ. ಒಂದೇ ನಿಮಿಷದಲ್ಲಿ ವಿಂಡೋಸ್ ಬಂತು. ಪೆನ್ ಡ್ರೈವ್ ಈಗ ಬೂಟ್ ಪಟ್ಟಿಯಲ್ಲಿ ಎರಡು ಸಲ ಕಾಣಿಸುತ್ತದೆ, ಒಮ್ಮೆ ಯುಇಎಫ್‌ಐ ಪದದೊಂದಿಗೆ, ಒಮ್ಮೆ ಅದಿಲ್ಲದೆ.

ಹೀಗಾಗಿ ಅಪ್‌ಗ್ರೇಡಿಗೆ ಕೈಹಾಕುವ ಮೊದಲು ಬಯೋಸ್‌ನ ಪ್ರತಿ ಪುಟದ ಫೋಟೋ ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಬೇಕು. ಸಿಎಸ್‌ಎಂ ಮತ್ತು ಸಾಟಾ ಮೋಡ್ ಇರುವ ಪುಟಗಳನ್ನಂತೂ ತಪ್ಪಿಸಬಾರದು. ವಿಂಡೋಸ್ ಇನ್ನೂ ಓಡುತ್ತಿರುವಾಗಲೇ ಕಂಪ್ಯೂಟರಿನ ಮಾಹಿತಿ ತೋರಿಸುವ ಎಂಎಸ್‌ಇನ್‌ಫೋ32 ತೆರೆದು ಬಯೋಸ್ ಮೋಡ್ ಎಂಬ ಸಾಲನ್ನು ಓದಬೇಕು. ಅಲ್ಲಿ ಲೆಗಸಿ ಎಂದಿದ್ದರೆ ಈ ತೊಡಕು ಕಾದಿದೆ ಎಂದೇ ಅರ್ಥ.

ಜಿಪಿಟಿಗೆ ಬದಲಿಸುವುದು

ವಿಂಡೋಸ್ 11ಕ್ಕೆ ಯುಇಎಫ್‌ಐ ಬೇಕಾದ್ದರಿಂದ, ಡಿಸ್ಕನ್ನು ಎಂಬಿಆರ್‌ನಿಂದ ಜಿಪಿಟಿ ಎಂಬ ಹೊಸ ಪಾರ್ಟಿಷನ್ ಪದ್ಧತಿಗೆ ಬದಲಿಸಬೇಕು. ವಿಂಡೋಸ್ 10ರ 1703 ಆವೃತ್ತಿಯಿಂದ ಎಂಬಿಆರ್2ಜಿಪಿಟಿ ಎಂಬ ಸಾಧನ ವಿಂಡೋಸಿನಲ್ಲೇ ಇದೆ. ಕಡತಗಳನ್ನು ಅಳಿಸದೆ ಡಿಸ್ಕನ್ನು ಜಿಪಿಟಿಗೆ ಬದಲಿಸುತ್ತದೆ. ಮೊದಲು ಅದರ ವ್ಯಾಲಿಡೇಟ್ ಆಯ್ಕೆಯಿಂದ ಪರೀಕ್ಷಿಸಬೇಕು, ಆಮೇಲೆ ಪರಿವರ್ತಿಸಬೇಕು, ಕೊನೆಯಲ್ಲಿ ಸಿಎಸ್‌ಎಂ ಆಫ್ ಮಾಡಬೇಕು. ಈ ಕ್ರಮ ಹಿಂದುಮುಂದಾದರೆ ಮತ್ತೆ ಖಾಲಿ ಪಟ್ಟಿಯ ಮುಂದೆ ಕೂರಬೇಕಾಗುತ್ತದೆ. ಪ್ರೈಮರಿ ಪಾರ್ಟಿಷನ್ ಮೂರಕ್ಕಿಂತ ಹೆಚ್ಚಿರಬಾರದು, ಎಕ್ಸ್‌ಟೆಂಡೆಡ್ ಪಾರ್ಟಿಷನ್ ಇರಲೇಬಾರದು. ನಮ್ಮ ಕಡೆ ಸಿ, ಡಿ, ಇ ಎಂದು ಡಿಸ್ಕನ್ನು ಭಾಗ ಮಾಡುವ ರೂಢಿಯಿದೆ. ಅಂಗಡಿಯ ಡಿಸ್ಕಿನಲ್ಲಿ ಡಿ ಮತ್ತು ಇ ಎರಡೂ ಎಕ್ಸ್‌ಟೆಂಡೆಡ್ ಒಳಗಿನ ಲಾಜಿಕಲ್ ಡ್ರೈವುಗಳಾಗಿದ್ದುದರಿಂದ ಪರೀಕ್ಷೆ ವಿಫಲವಾಯಿತು. ಚಿಕ್ಕಪ್ಪನ ಕಡತಗಳನ್ನೆಲ್ಲ ಹೊರಗಿನ ಡಿಸ್ಕಿಗೆ ನಕಲು ಮಾಡಿ, ಆ ಎರಡನ್ನು ತೆಗೆದು, ಮತ್ತೊಮ್ಮೆ ಪರೀಕ್ಷಿಸಬೇಕಾಗಿದೆ. ಲಗ್ನಪತ್ರಿಕೆಗಳ ಕೆಲಸ ಕೈಯಲ್ಲಿರುವ ಈ ವಾರ ಬೇಡವೆಂದು ಅವರು ಹೇಳಿದ್ದರಿಂದ, ಸದ್ಯಕ್ಕೆ ಸಿಎಸ್‌ಎಂ ಆನ್ ಆಗಿಯೇ ಇದೆ. ಸಿಎಸ್‌ಎಂ ಇರುವ ಪುಟದ ಫೋಟೋದ ಒಂದು ಪ್ರತಿಯನ್ನು ಕ್ಯಾಬಿನೆಟ್ಟಿನ ಬದಿಗೆ ಅಂಟಿಸಿದ್ದೇನೆ.