ಅಂತಿಮ ಗ್ರಾಹಕ ಅಂದರೆ ಯಾರು?

ಲ್ಯಾಪ್‌ಟಾಪ್ ಕೊಳ್ಳುವಾಗ ಬಿಲ್ ಕೌಂಟರಿನಲ್ಲಿ ‘ಜಿಎಸ್‌ಟಿ ನಂಬರ್ ಇದೆಯಾ?’ ಎಂದು ಕೇಳುತ್ತಾರೆ. ಇಲ್ಲವೆಂದರೆ ಬಿಲ್ ಬಿ-ಟು-ಸಿ, ಅಂದರೆ ವ್ಯಾಪಾರಿಯಿಂದ ನೇರ ಗ್ರಾಹಕರಿಗೆ ಮಾರಿದ ಲೆಕ್ಕಕ್ಕೆ ಹೋಗುತ್ತದೆ. ತೆರಿಗೆಯ ಮಟ್ಟಿಗೆ ಅಲ್ಲಿಂದಾಚೆ ನೀವೇ ಅಂತಿಮ ಗ್ರಾಹಕ.

ಅದರ ಪರಿಣಾಮ ಅಂಕಿಯಲ್ಲಿ ನೋಡಿ. ತಯಾರಕರು 40,000 ರೂಪಾಯಿಗೆ ವಿತರಕರಿಗೆ ಮಾರಿದಾಗ ಶೇ 18ರಂತೆ 7,200 ತೆರಿಗೆ. ವಿತರಕರು 45,000ಕ್ಕೆ ಅಂಗಡಿಗೆ ಕೊಟ್ಟು 8,100 ವಸೂಲಿ ಮಾಡುತ್ತಾರೆ. ತಾವು ಕೊಟ್ಟ 7,200 ಕಳೆದು 900 ಮಾತ್ರ ಕಟ್ಟುತ್ತಾರೆ. ಅಂಗಡಿಯವರು 50,000ಕ್ಕೆ ಮಾರಿ, 9,000 ಪಡೆದು, ಅವರೂ 900 ಕಟ್ಟುತ್ತಾರೆ. ಸರ್ಕಾರಕ್ಕೆ ಮೂರು ಕೈಯಿಂದ ಸಂದ ಒಟ್ಟು 9,000 ರೂಪಾಯಿಯೂ ನಿಮ್ಮ ಜೇಬಿನದೇ. ಕೊಳ್ಳುವಾಗ ಕೊಟ್ಟ ತೆರಿಗೆಯನ್ನು ಹೀಗೆ ಕಳೆಯುವ ಅವಕಾಶ, ಅಂದರೆ ಇನ್‌ಪುಟ್ ಕ್ರೆಡಿಟ್, ನಿಮಗೆ ಮಾತ್ರ ಇಲ್ಲ.

ಎಡವಟ್ಟಾಗುವುದು ಇಲ್ಲೇ. ನೋಂದಾಯಿತ ವ್ಯಾಪಾರಿ ಅವಸರದಲ್ಲಿ ನಂಬರ್ ಕೊಡದೆ ಕೊಂಡರೆ, ಆ ಖರೀದಿ ಅವರ ಜಿಎಸ್‌ಟಿಆರ್-2ಬಿಯಲ್ಲಿ (ಮಾರಿದವರು ಸಲ್ಲಿಸಿದ ಲೆಕ್ಕದಿಂದ ತಯಾರಾಗುವ ಕ್ರೆಡಿಟ್ ಪಟ್ಟಿಯಲ್ಲಿ) ಕಾಣಿಸುವುದೇ ಇಲ್ಲ, ಕ್ರೆಡಿಟ್ಟೂ ಸಿಗುವುದಿಲ್ಲ. ತಿದ್ದಬೇಕಾದವರು ಮಾರಿದವರು, ಬೆನ್ನು ಹತ್ತಬೇಕಾದವರು ಕೊಂಡವರು. ಇದಕ್ಕೆ ತದ್ವಿರುದ್ಧದ ಜಾಣತನವೂ ಉಂಟು: ಮನೆಯ ಫ್ರಿಜ್ಜಿಗೆ ಅಂಗಡಿಯ ಜಿಎಸ್‌ಟಿ ನಂಬರ್ ಹಾಕಿಸುವುದು. ಸ್ವಂತ ಬಳಕೆಯ ವಸ್ತುವಿಗೆ ಕ್ರೆಡಿಟ್ ಪಡೆಯಲು ಕಾನೂನಿನಲ್ಲಿ ಅವಕಾಶವಿಲ್ಲ. ಸಾಲದ್ದಕ್ಕೆ, ಫ್ರಿಜ್ ಕೆಟ್ಟು ಗ್ರಾಹಕರ ಆಯೋಗಕ್ಕೆ ಹೋದರೆ ‘ಇದು ವ್ಯಾಪಾರಕ್ಕೆ ಕೊಂಡದ್ದು’ ಎಂದು ವಾದಿಸಲು ಕಂಪನಿಯ ವಕೀಲರಿಗೆ ಅದೇ ಬಿಲ್ ಸಾಕು.

ಏಕೆಂದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಜಿಎಸ್‌ಟಿ ನಂಬರಿಗಿಂತ ಕೊಂಡ ಉದ್ದೇಶವನ್ನು ನೋಡುತ್ತದೆ. ಮರುಮಾರಾಟಕ್ಕೋ ವಾಣಿಜ್ಯ ಉದ್ದೇಶಕ್ಕೋ ಕೊಂಡವರು ಗ್ರಾಹಕರಲ್ಲ. ಆದರೆ ಹೊಟ್ಟೆಪಾಡಿಗಾಗಿ ಸ್ವಂತ ದುಡಿಮೆ ಮಾಡಲೆಂದೇ ಕೊಂಡವರು ಗ್ರಾಹಕರೇ. ಬಾಡಿಗೆಗೆ ತಾನೇ ಓಡಿಸಲು ಆಟೊ ಕೊಂಡವರು ಈ ಸಾಲಿಗೆ ಸೇರುತ್ತಾರೆ. ಸಹಾಯಕ್ಕೆ ಒಬ್ಬಿಬ್ಬರನ್ನು ಇಟ್ಟುಕೊಂಡ ಮಾತ್ರಕ್ಕೆ ಗ್ರಾಹಕರಲ್ಲ ಎನ್ನಲಾಗದು ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಹತ್ತು ಆಟೊ ಕೊಂಡು ಚಾಲಕರಿಗೆ ಬಾಡಿಗೆಗೆ ಬಿಟ್ಟವರ ಮಾತು ಬೇರೆ. ಸಂಸ್ಥೆ ಎಂದೊಡನೆ ಹೊರಗೆ ಎಂದೂ ಅಲ್ಲ: ನರ್ಸುಗಳ ವಸತಿಗೆಂದು ಮುಂಬೈಯ ಆಸ್ಪತ್ರೆ ಟ್ರಸ್ಟೊಂದು ಕೊಂಡ ಫ್ಲ್ಯಾಟ್‌ಗಳ ವ್ಯಾಜ್ಯದಲ್ಲಿ, 2019ರಲ್ಲಿ ಅದೇ ಕೋರ್ಟ್ ಟ್ರಸ್ಟನ್ನು ಗ್ರಾಹಕ ಎಂದೇ ಪರಿಗಣಿಸಿತು. ಆ ಫ್ಲ್ಯಾಟ್‌ಗಳಿಂದ ಟ್ರಸ್ಟಿಗೆ ನೇರ ಲಾಭವೇನೂ ಬರುತ್ತಿರಲಿಲ್ಲ.

ದೂರು ಕೊಡಲು ಎರಡು ವರ್ಷ ಗಡುವು. ದುಡಿಮೆಗೆಂದು ಕೊಂಡ ಯಂತ್ರವಾದರೆ ‘ಜೀವನೋಪಾಯಕ್ಕೆ, ಸ್ವಂತ ಉದ್ಯೋಗಕ್ಕೆ’ ಎಂಬುದನ್ನು ದೂರಿನ ಅರ್ಜಿಯಲ್ಲೇ ಸ್ಪಷ್ಟವಾಗಿ ಬರೆಯಬೇಕು. ಅದಿಲ್ಲದಿದ್ದರೆ ಎದುರು ಪಕ್ಷದವರು ಮೊದಲು ಹಿಡಿಯುವುದು ಅದನ್ನೇ.